ಎರಡು ಪಟ್ಟಣಗಳು, ಒಂದು ಹೊಸ ವಿದ್ಯೆ

ಜರ್ಮನಿ ದೇಶದ ನೈಋತ್ಯ ಭಾಗದಲ್ಲಿ, ರೈನ್ ಮಹಾನದಿಗೆ ಅನತಿದೂರದಲ್ಲಿ, ಕಾರ್ಲ್ಸ್‌ರೂಹೆ ಎಂಬ ಪಟ್ಟಣವಿರುವುದು. ನಮ್ಮವರು ಆ ದೇಶಕ್ಕೆ ಹೋದರೆ ಬರ್ಲಿನ್ನನ್ನೂ ಮ್ಯೂನಿಕ್ಕನ್ನೂ ನೋಡಿಕೊಂಡು ಹಿಂದಿರುಗುವುದೇ ವಾಡಿಕೆ. ಈ ಊರಿನ ಹೆಸರನ್ನು ಕೇಳಿದವರು ವಿರಳ. ನಾನಾದರೂ ಅಲ್ಲಿಗೆ ಹೋದುದು ಕೇವಲ ವಿನೋದಕ್ಕಾಗಿ ಅಲ್ಲ. ಪ್ರಯಾಣಕ್ಕೆ ಹೊರಡುವ ಹಿಂದಿನ ವಾರ ಅಕ್ಕನು ನಮ್ಮ ಮನೆಗೆ ಬಂದು, ಕಾಫಿಯನ್ನೂ ಮುಟ್ಟದೆ ಕುಳಿತು, ತನ್ನ ಕಷ್ಟವನ್ನು ತೋಡಿಕೊಂಡಳು.

“ನೋಡಪ್ಪ, ನಿನ್ನ ಸೊಸೆ ಹಟ ಹಿಡಿದು ಕುಳಿತಿದ್ದಾಳೆ. ಗಣಕಯಂತ್ರದಲ್ಲಿ ಚಿತ್ರ ಮಾಡುವುದನ್ನೂ ಜಾಲದ ಪುಟ ಕಟ್ಟುವುದನ್ನೂ ಕಲಿಯುತ್ತಾಳಂತೆ. ಎಂಜಿನಿಯರಿಂಗ್ ಬೇಡವಂತೆ, ಡಾಕ್ಟರಿಕೆಯೂ ಬೇಡವಂತೆ. ಅದೂ ಒಂದು ವಿದ್ಯೆಯೇ? ನಾಳೆ ಅದರಿಂದ ಅನ್ನ ಹುಟ್ಟೀತೇ? ನಿನ್ನ ಭಾವನವರಂತೂ ಒಂದು ವಾರದಿಂದ ಅವಳೊಡನೆ ಮಾತೇ ಆಡುತ್ತಿಲ್ಲ. ನೀನು ಆ ಕಡೆಗೆ ಹೋಗುವವನು. ಅಂಥ ಶಾಲೆಯೊಂದನ್ನು ಕಣ್ಣಾರೆ ನೋಡಿಕೊಂಡು ಬಂದು ನನಗೆ ನಿಜ ಹೇಳು.”

ಅಕ್ಕನ ಮಾತನ್ನು ತೆಗೆದುಹಾಕುವ ಧೈರ್ಯ ನನಗೆ ಎಂದೂ ಇರಲಿಲ್ಲ. ಆದುದರಿಂದ ಹೋದ ಕೆಲಸವನ್ನು ಮುಗಿಸಿಕೊಂಡು, ಉಳಿದ ದಿನಗಳನ್ನು ಕಾರ್ಲ್ಸ್‌ರೂಹೆಗೂ ಅದರ ನೆರೆಯ ಸ್ಟುಟ್‌ಗಾರ್ಟಿಗೂ ಮೀಸಲಾಗಿಟ್ಟೆನು.

ಕಾರ್ಲ್ಸ್‌ರೂಹೆ ಎಂಬ ಮಾತಿಗೆ ‘ಕಾರ್ಲನ ವಿಶ್ರಾಂತಿ’ ಎಂದು ಅರ್ಥ. ಆ ಪ್ರಾಂತದ ಒಡೆಯನಾಗಿದ್ದ ಕಾರ್ಲ್ ವಿಲ್ಹೆಲ್ಮನು ಬೇಟೆಯಲ್ಲಿ ದಣಿದು ಕಾಡಿನಲ್ಲಿ ಮಲಗಿದ್ದಾಗ, ದಿಕ್ಕುದಿಕ್ಕಿಗೂ ಕಿರಣಗಳನ್ನು ಬೀರುವ ಸೂರ್ಯನಂತಹ ಅರಮನೆಯೊಂದನ್ನು ಕನಸಿನಲ್ಲಿ ಕಂಡನೆಂದು ಐತಿಹ್ಯ ಹೇಳುವುದು. ಕನಸು ನಿಜವೋ ಅಲ್ಲವೋ, ೧೭೧೫ನೆಯ ಇಸವಿಯಲ್ಲಿ ಅವನು ಅಸ್ತಿಭಾರ ಹಾಕಿಸಿದ ಪಟ್ಟಣವಂತೂ ಹಾಗೆಯೇ ಇದೆ. ಅರಮನೆಯ ಗೋಪುರವನ್ನು ಕೇಂದ್ರವಾಗಿಟ್ಟುಕೊಂಡು ೩೨ ಹಾದಿಗಳು ಹೊರಡುವುವು. ಉತ್ತರದವು ವನದೊಳಕ್ಕೆ ಹೋಗುವುವು. ದಕ್ಷಿಣದವು ಊರಿನ ಬೀದಿಗಳಾಗಿ ಬಿಚ್ಚಿಕೊಳ್ಳುವುವು. ಮೇಲಿನಿಂದ ನೋಡಿದರೆ ಊರೆಲ್ಲವೂ ಬಿಡಿಸಿ ಹಿಡಿದ ಬೀಸಣಿಗೆಯಂತೆ ಕಾಣುವುದರಿಂದ, ಜರ್ಮನರು ಅದನ್ನು ಬೀಸಣಿಗೆಯ ಪಟ್ಟಣವೆಂದೇ ಕರೆಯುವರು. ಊರನ್ನು ಕಟ್ಟಿಸಿದ ಆ ದೊರೆಯ ಸಮಾಧಿಯು ಮಾರುಕಟ್ಟೆಯ ಚೌಕದ ನಡುವೆ, ಕೆಂಪು ಕಲ್ಲಿನ ಪಿರಮಿಡ್ಡಿನ ಕೆಳಗೆ ಇರುವುದು.

ಊರು ಚಿಕ್ಕದಾದರೂ ಅದರ ಮಕ್ಕಳ ಕೀರ್ತಿ ಚಿಕ್ಕದಲ್ಲ. ಈ ದಿನ ನಮ್ಮ ಹಳ್ಳಿಹಳ್ಳಿಯಲ್ಲಿಯೂ ಓಡಾಡುವ ಬೈಸಿಕಲ್ಲಿನ ಮೂಲಪುರುಷನಾದ ಕಾರ್ಲ್ ಡ್ರೈಸನು ೧೭೮೫ರಲ್ಲಿ ಹುಟ್ಟಿದುದು ಇಲ್ಲಿಯೇ. ತುಳಿಯುವ ಪೆಡಲಿಲ್ಲದ, ಕಾಲಿನಿಂದ ನೆಲವನ್ನೊದೆದು ಮುಂದೆ ನೂಕತಕ್ಕ ಮರದ ಎರಡು ಗಾಲಿಯ ಬಂಡಿಯನ್ನು ಅವನು ೧೮೧೭ರಲ್ಲಿ ಓಡಿಸಿ ತೋರಿಸಿದನು. ಜನರು ನಕ್ಕರು; ೧೮೫೧ರಲ್ಲಿ ಅವನು ಇದೇ ಊರಿನಲ್ಲಿ ಬಡವನಾಗಿ ತೀರಿಕೊಂಡನು. ಹೈನ್ರಿಖ್ ಹರ್ಟ್ಸ್ ಎಂಬ ವಿದ್ವಾಂಸನು ಕಣ್ಣಿಗೆ ಕಾಣದ ವಿದ್ಯುತ್ಕಾಂತ ತರಂಗಗಳು ಇವೆಯೆಂದು ೧೮೮೬ರಿಂದ ೧೮೮೮ರ ವರೆಗೆ ಪ್ರಯೋಗಗಳಿಂದ ಸ್ಥಾಪಿಸಿದುದೂ ಇಲ್ಲಿಯ ವಿದ್ಯಾಶಾಲೆಯಲ್ಲಿ. ರೇಡಿಯೋ ಮೊದಲಾಗಿ ಇಂದಿನ ಕೈಫೋನಿನ ವರೆಗೆ ಎಲ್ಲಕ್ಕೂ ಅದೇ ಬುನಾದಿ. ಅದೇ ವಿದ್ಯಾಶಾಲೆಯು ವಿಶ್ವವಿದ್ಯಾನಿಲಯವಾಗಿ ಬೆಳೆದ ಮೇಲೆ, ೧೯೮೪ನೆಯ ಇಸವಿ ಆಗಸ್ಟ್ ೩ನೆಯ ತಾರೀಖಿನ ಬೆಳಿಗ್ಗೆ, ಅಮೆರಿಕದಿಂದ ಹೊರಟ ಮಿಂಚಂಚೆಯೊಂದು ಅಲ್ಲಿಗೆ ಬಂದಿಳಿಯಿತು. ಅಂತರ್ಜಾಲದ ಮೂಲಕ ಜರ್ಮನಿಗೆ ಬಂದ ಮೊದಲನೆಯ ಪತ್ರವೆಂದು ಅದನ್ನು ಆ ಜನರು ಇಂದಿಗೂ ಸ್ಮರಿಸುವರು.

ನಾನು ನೋಡಲು ಹೋದ ಶಾಲೆಯಿರುವುದು ಊರಿನ ನಡುಭಾಗದಿಂದ ಸ್ವಲ್ಪ ನೈಋತ್ಯಕ್ಕೆ. ಟ್ರಾಮಿನಿಂದ ಇಳಿದಾಗ ಎದುರಿಗೆ ಕಂಡುದು ಶಾಲೆಯೆಂದು ನನಗೆ ತೋರಲೇ ಇಲ್ಲ. ೩೦೦ ಮೀಟರಿಗಿಂತಲೂ ಉದ್ದವಾದ, ಅನೇಕ ಅಂತಸ್ತುಗಳ, ಕೋಟೆಯಂತಹ ಒಂದು ಕಾರ್ಖಾನೆ! ವಿಚಾರಿಸಿದಲ್ಲಿ ಅದರ ಚರಿತ್ರೆ ತಿಳಿಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡುಗಳನ್ನು ತಯಾರಿಸುವುದಕ್ಕಾಗಿ ಅದನ್ನು ಕಟ್ಟಿದರಂತೆ. ಎರಡನೆಯ ಯುದ್ಧದಲ್ಲಿ ಹೊರದೇಶಗಳಿಂದ ಹಿಡಿದು ತಂದ ಜನರನ್ನು ಬಲಾತ್ಕಾರದಿಂದ ಅಲ್ಲಿ ದುಡಿಸಿಕೊಂಡರು. ಕಾರ್ಖಾನೆ ನಿಂತುಹೋದ ಮೇಲೆ ಆ ಕಟ್ಟಡವು ಹಲವು ವರ್ಷ ಬರಿದಾಗಿತ್ತು. ಹೈನ್ರಿಖ್ ಕ್ಲೋಟ್ಸ್ ಎಂಬ ಕಲಾಚರಿತ್ರೆಯ ಪಂಡಿತನು ‘ಕಲೆ ಮತ್ತು ಮಾಧ್ಯಮ ತಂತ್ರಜ್ಞಾನ ಕೇಂದ್ರ’ವೆಂಬ ಸಂಸ್ಥೆಯನ್ನೂ, ೧೯೯೨ರಲ್ಲಿ ಅದರ ಜೊತೆಗೂಡಿ ನಡೆಯತಕ್ಕ ವಿನ್ಯಾಸದ ಉನ್ನತ ಶಾಲೆಯನ್ನೂ ನೆಲೆಗೊಳಿಸಿದನು. ೧೯೯೭ರಲ್ಲಿ ಎರಡಕ್ಕೂ ಈ ಹಳೆಯ ಕಾರ್ಖಾನೆಯೇ ಮನೆಯಾಯಿತು. ಮದ್ದುಗುಂಡುಗಳನ್ನು ತಯಾರಿಸಿದ ಅಂಗಳಗಳಲ್ಲಿ ಈಗ ಗಾಜಿನ ಛಾವಣಿಯಿಂದ ಬೆಳಕು ಸುರಿಯುವುದು. ಅದರ ಕೆಳಗೆ ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು ಮೊಣಕಾಲಿನ ಮೇಲೆ ಗಣಕಯಂತ್ರವನ್ನಿಟ್ಟುಕೊಂಡು ಕುಳಿತಿರುವರು. ಆ ಗೋಡೆಗಳು ಕಂಡ ದುಃಖವನ್ನು ನೆನೆದಾಗ, ಈ ಬದಲಾವಣೆ ಒಂದು ಪ್ರಾಯಶ್ಚಿತ್ತವೋ ಎಂಬಂತೆ ನನ್ನ ಮನಸ್ಸಿಗೆ ತೋರಿತು.

ಆ ಸಂಗ್ರಹಕ್ಕೆ ಸೇರಿದ ಒಂದು ಕೃತಿಯ ವಿಷಯವನ್ನು ಮೊದಲು ಹೇಳುವೆನು. ಈ ಹೊಸ ಕಲೆಯ ಮರ್ಮ ಅದರಿಂದ ಸುಲಭವಾಗಿ ತಿಳಿಯುವುದು. ಜೆಫ್ರಿ ಶಾ ಎಂಬ ಕಲಾವಿದನು ಮಾಡಿದ ಇದಕ್ಕೆ ‘ಓದಬಹುದಾದ ನಗರ’ ಎಂದು ಹೆಸರು. ಕತ್ತಲೆಯ ಕೋಣೆಯಲ್ಲಿ ನೆಲಕ್ಕೆ ಬಿಗಿದ ಒಂದು ಬೈಸಿಕಲ್ಲು. ಅದರ ಮುಂದೆ ದೊಡ್ಡ ತೆರೆ. ಪೆಡಲನ್ನು ತುಳಿದರೆ ತೆರೆಯ ಮೇಲಿನ ಬೀದಿ ನಮ್ಮ ಕಡೆಗೆ ಓಡಿಬರುವುದು. ಹಿಡಿಯನ್ನು ತಿರುಗಿಸಿದರೆ ಅಡ್ಡಬೀದಿಗೆ ಹೊರಳುವುದು. ಆದರೆ ಬೀದಿಯ ಇಕ್ಕೆಲಗಳಲ್ಲಿ ಮನೆಗಳಿಲ್ಲ. ಮನೆಗಳ ಸ್ಥಾನದಲ್ಲಿ ಆಳೆತ್ತರವನ್ನು ಮೀರಿದ ಅಕ್ಷರಗಳು ಸಾಲಾಗಿ ನಿಂತು ವಾಕ್ಯಗಳಾಗಿರುವುವು. ಸವಾರನು ಯಾವ ಬೀದಿಯನ್ನು ಹಿಡಿಯುವನೋ ಆ ಕತೆಯನ್ನು ಓದುವನು. ೧೯೮೯ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್, ೧೯೯೦ರಲ್ಲಿ ಆಮ್‌ಸ್ಟರ್‌ಡಾಮ್, ೧೯೯೧ರಲ್ಲಿ ಇದೇ ಕಾರ್ಲ್ಸ್‌ರೂಹೆ, ಹೀಗೆ ಮೂರು ನಗರಗಳನ್ನು ಅವನು ಅಕ್ಷರದಿಂದ ಕಟ್ಟಿದನು. ಡ್ರೈಸನು ಹುಟ್ಟಿದ ಊರಿನಲ್ಲಿ ಬೈಸಿಕಲ್ಲನ್ನು ತುಳಿದು ಊರನ್ನೇ ಓದಬಹುದೆಂಬುದು ಎಷ್ಟು ಸೊಗಸಾದ ಯೋಗ! ಚಿತ್ರಪಟವನ್ನು ನೋಡುವವನು ಸುಮ್ಮನೆ ನಿಂತು ನೋಡುವನು. ಇಲ್ಲಿ ನೋಡುವವನು ಕೈಕಾಲಾಡಿಸದೆ ಕೃತಿಯೇ ಇಲ್ಲ. ಈ ವಿದ್ಯೆಯ ಮೊದಲನೆಯ ಪಾಠ ಇದೇ.

ಜಾಲದ ಪುಟವೆಂಬುದಾದರೂ ಏನು? ನಮ್ಮ ಮನೆಯ ಹೆಂಗಸರಿಗೆ ತಿಳಿಯುವಂತೆ ಹೇಳುವುದಾದರೆ ಅದು ಚುಕ್ಕಿಯ ರಂಗವಲ್ಲಿಯನ್ನು ಹೋಲುವುದು. ನಮ್ಮ ಕಣ್ಣಿಗೆ ಬಳ್ಳಿ, ಹೂವು, ಬಣ್ಣಗಳು ಕಾಣುವುವು. ಅವುಗಳ ಅಡಿಯಲ್ಲಿ ಎಷ್ಟು ಚುಕ್ಕಿ, ಎಷ್ಟು ಸಾಲು ಎಂಬ ಲೆಕ್ಕವಿರುವುದು. ಪುಟದ ಲೆಕ್ಕವು ಅಕ್ಷರಗಳಲ್ಲಿ ಬರೆದ ಆಜ್ಞೆಗಳ ರೂಪದಲ್ಲಿರುವುದು. ‘ಇದು ತಲೆಬರಹ, ಇಲ್ಲಿ ಚಿತ್ರ, ಇದನ್ನೊತ್ತಿದರೆ ಆ ಪುಟಕ್ಕೆ ಹೋಗು’ ಎಂಬ ಆಜ್ಞೆಗಳನ್ನು ಓದಿಕೊಂಡು ನಮ್ಮ ಯಂತ್ರವು ಪುಟವನ್ನು ಬರೆದು ತೋರಿಸುವುದು. ೧೯೮೯ರಲ್ಲಿ ಜಿನೀವಾದ ಸರ್ನ್ ಎಂಬ ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಎಂಬುವರು ಈ ಏರ್ಪಾಡನ್ನು ಸೂಚಿಸಿದರು. ೧೯೯೩ರಲ್ಲಿ ಆ ಸಂಸ್ಥೆಯವರು ಯಾವ ಹಣವನ್ನೂ ಕೇಳದೆ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಯಾವ ಪುಟವನ್ನು ತೆರೆದರೂ ಅದರ ಹಿಂದಿನ ಬರಹವನ್ನು ತೆಗೆದು ನೋಡಲು ಅವಕಾಶವಿತ್ತು. ನೆರೆಮನೆಯ ಬಾಗಿಲಿನ ರಂಗವಲ್ಲಿಯನ್ನು ನೋಡಿ ಚುಕ್ಕಿ ಎಣಿಸಿಕೊಂಡು ಬಂದು ನಮ್ಮ ಬಾಗಿಲಿನಲ್ಲಿ ಹಾಕುವಂತೆ, ಆ ಕಾಲದ ಹುಡುಗರು ಒಬ್ಬರ ಪುಟವನ್ನು ನೋಡಿ ಮತ್ತೊಬ್ಬರು ಕಲಿತರು. ಜಾಲವನ್ನೇ ಬಟ್ಟೆಯಾಗಿ, ಅದರ ಕೊಂಡಿಗಳನ್ನೇ ಬಣ್ಣವಾಗಿ ಉಪಯೋಗಿಸಿಕೊಂಡು ಮಾಡಿದ ಕೃತಿಗಳಿಗೆ ಜಾಲಕಲೆ ಎಂಬ ಹೆಸರು ಬಂದಿತು. ೧೯೯೯ರಲ್ಲಿ ಈ ಕಾರ್ಖಾನೆಯ ಮನೆಯಲ್ಲಿಯೇ ಅದಕ್ಕಾಗಿ ದೊಡ್ಡದೊಂದು ಪ್ರದರ್ಶನ ನಡೆಯಿತು.

ಮರುದಿನ ರೈಲು ಹತ್ತಿ ಸ್ಟುಟ್‌ಗಾರ್ಟಿಗೆ ಹೋದೆನು. ಒಂದು ಗಂಟೆಯ ಹಾದಿ. ಈ ಸೀಮೆ ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ೧೮೪೩ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡದಲ್ಲಿ ಪತ್ರಿಕೆಯೆಂಬುದನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗರು ಈ ಪ್ರಾಂತದ ಬ್ರಾಕೆನ್‌ಹೈಮಿನಲ್ಲಿ ಹುಟ್ಟಿದವರು, ೧೮೮೧ರಲ್ಲಿ ಸ್ಟುಟ್‌ಗಾರ್ಟಿನ ಮಗ್ಗುಲಿನ ಎಸ್ಲಿಂಗನ್ನಿನಲ್ಲಿ ತೀರಿಕೊಂಡವರು. ಕಿಟ್ಟೆಲರು ಕಡೆಯುಸಿರೆಳೆದ ಟ್ಯೂಬಿಂಗನ್ನೂ ದೂರವಿಲ್ಲ. ಹೊಸ ಯಂತ್ರವೊಂದು ಕೈಗೆ ಬಂದಾಗ ಅದರಿಂದ ಜನಕ್ಕೆ ಏನು ಹೇಳಬೇಕೆಂದು ಯೋಚಿಸಿದವರು ಅವರು. ಅವರ ಸೀಮೆಯ ಶಾಲೆಯೊಂದರಲ್ಲಿ ಇಬ್ಬರು ವಿದ್ಯಾರ್ಥಿಗಳು ಮಾಡಿದ ಕೆಲಸವೂ ಅದೇ ಯೋಚನೆಯಿಂದ ಹುಟ್ಟಿದುದೆಂದು ನಾನು ಬಲ್ಲೆನು.

ಆ ಶಾಲೆಗೆ ಮೆರ್ಟ್ಸ್ ಅಕಾಡೆಮಿ ಎಂದು ಹೆಸರು. ೧೯೯೯ರಲ್ಲಿ ಅಲ್ಲಿಗೆ ಅಧ್ಯಾಪಕಿಯಾಗಿ ಬಂದವರು ಮಾಸ್ಕೋ ನಗರದ ಓಲ್ಯಾ ಲ್ಯಾಲಿನಾ. ೧೯೯೬ರಲ್ಲಿ ಅವರು ಮಾಡಿದ ಒಂದು ಕೃತಿ ಜಾಲಕಲೆಯಲ್ಲಿ ಪ್ರಸಿದ್ಧವಾಗಿದೆ. ಯುದ್ಧದಿಂದ ಹಿಂದಿರುಗಿದ ಪ್ರಿಯನೂ ಅವನಿಗಾಗಿ ಕಾದಿದ್ದ ಹೆಣ್ಣೂ ಆಡುವ ಮಾತು ಅದರ ವಸ್ತು. ಕಪ್ಪು ಪುಟದಲ್ಲಿ ಒಂದು ಮಾತನ್ನೊತ್ತಿದರೆ ಪುಟ ಎರಡಾಗಿ ಸೀಳುವುದು; ಮತ್ತೊಂದನ್ನೊತ್ತಿದರೆ ಆ ಭಾಗವೂ ಸೀಳುವುದು. ಮಾತು ಮುಂದುವರಿದಂತೆಲ್ಲ ಅವರಿಬ್ಬರ ನಡುವಣ ಅಂತರವೂ ತುಂಡುತುಂಡಾಗಿ ಬೆಳೆಯುವುದು. ಕಡೆಯಲ್ಲಿ ಉಳಿಯುವುದು ಬರಿದಾದ ಚೌಕಗಳು. ದೊಡ್ಡ ಯಂತ್ರವಿಲ್ಲ, ಬಣ್ಣವಿಲ್ಲ. ಆದರೂ ಗಂಡನನ್ನೋ ಮಗನನ್ನೋ ದಂಡಿಗೆ ಕಳುಹಿಸಿದ ಯಾವ ಮನೆಯವರಿಗಾದರೂ ಅದು ಅರ್ಥವಾಗುವುದು.

ಈ ಶಾಲೆಯಲ್ಲಿ ೨೦೦೦–೦೧ರ ಸಾಲಿನಲ್ಲಿ ಡ್ರಾಗನ್ ಎಸ್ಪೆನ್‌ಶೀಡ್ ಮತ್ತು ಆಲ್ವಾರ್ ಫ್ರಾಯ್ಡೆ ಎಂಬ ಇಬ್ಬರು ವಿದ್ಯಾರ್ಥಿಗಳು ತಮ್ಮ ಪದವಿಯ ಕೆಲಸವಾಗಿ ಒಂದು ಪ್ರಯೋಗವನ್ನು ಮಾಡಿದರು. ಶಾಲೆಯ ಗಣಕಯಂತ್ರಗಳಿಗೆ ಜಾಲದಿಂದ ಬರುವುದೆಲ್ಲವೂ ನಡುವಿನ ಒಂದು ಯಂತ್ರದ ಮೂಲಕವೇ ಬರುವಂತೆ ಅವರು ಗುಟ್ಟಾಗಿ ಏರ್ಪಡಿಸಿದರು. ಆ ಯಂತ್ರವು ಹಾದುಹೋಗುವ ಪುಟಗಳನ್ನು ತಿದ್ದತೊಡಗಿತು. ಸುದ್ದಿಯ ಪುಟಗಳಲ್ಲಿ ರಾಜಕಾರಣಿಗಳ ಹೆಸರುಗಳು ಅದಲುಬದಲಾದುವು. ಒಂದು ವಿಳಾಸವನ್ನು ಕೇಳಿದರೆ ಮತ್ತೊಂದು ಪುಟ ಬಂದಿತು. ಜಾಲದ ಮೂಲಕ ಓದುವ ಖಾಸಗಿ ಪತ್ರಗಳ ಮಾತು ಕೂಡ ಬದಲಾಯಿತು. ಊರಿನ ಅಂಚೆಯವನು ಪ್ರತಿಯೊಂದು ಕಾಗದವನ್ನೂ ಒಡೆದು, ನಾಲ್ಕು ಮಾತುಗಳನ್ನು ಅಳಿಸಿ, ಬೇರೆ ನಾಲ್ಕನ್ನು ಬರೆದು, ಮತ್ತೆ ಅಂಟಿಸಿ ಮನೆಮನೆಗೆ ಹಂಚಿದಂತೆ ಎಂದು ಭಾವಿಸಿರಿ.

ಆಶ್ಚರ್ಯವಾವುದೆಂದರೆ, ವಾರಗಳು ಕಳೆದರೂ ಇದು ಬಯಲಾಗಲಿಲ್ಲ. ಮಾಧ್ಯಮವಿದ್ಯೆಯನ್ನೇ ಕಲಿಯುವ ಹುಡುಗರೂ ಕಲಿಸುವ ಗುರುಗಳೂ ತಮ್ಮ ಮುಂದೆ ಬಂದುದನ್ನು ನಂಬಿದರು. ಅದಕ್ಕಿಂತ ಹೆಚ್ಚಿನ ಆಶ್ಚರ್ಯ ಮುಂದೆ ಇದೆ. ಹುಡುಗರಿಬ್ಬರೂ ತಾವೇ ಗುಟ್ಟನ್ನು ಹೊರಗೆಡಹಿ, ಸ್ವಲ್ಪ ಹೊತ್ತಿನಲ್ಲಿ ಮಾಡಬಹುದಾದ ಸಣ್ಣದೊಂದು ತಿದ್ದುಪಡಿಯಿಂದ ಈ ನಡುವಿನ ಯಂತ್ರವನ್ನು ತಪ್ಪಿಸಬಹುದೆಂದು ಬರೆದು ತಿಳಿಸಿದರು. ಆಗಲೂ ಆ ಶ್ರಮವನ್ನು ತೆಗೆದುಕೊಂಡವರು ಕೆಲವರು ಮಾತ್ರ! ಉಳಿದವರು ಸುಳ್ಳು ಬರುತ್ತದೆಂದು ತಿಳಿದೂ ಹಾಗೆಯೇ ಓದುತ್ತ ಹೋದರು.

ಈ ಪ್ರಯೋಗ ನ್ಯಾಯವೇ ಎಂದು ಯಾರಾದರೂ ಕೇಳಬಹುದು. ಮತ್ತೊಬ್ಬರ ಕಾಗದಕ್ಕೆ ಕೈಹಾಕುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಇಬ್ಬರು ವಿದ್ಯಾರ್ಥಿಗಳು ಇದನ್ನು ಮಾಡಬಲ್ಲವರಾದರೆ ಧನಬಲವೂ ಅಧಿಕಾರಬಲವೂ ಉಳ್ಳವರು ಏನನ್ನು ತಾನೇ ಮಾಡಲಾರರು? ಮನೆಯಲ್ಲಿ ಊಟದ ಹೊತ್ತಿನಲ್ಲಿ ಕೈಫೋನಿನಲ್ಲಿ ಬಂದ ಸುದ್ದಿಯನ್ನು ವೇದವಾಕ್ಯವೆಂದು ಓದಿ ಹೇಳುವ ನಾವು ಈ ಹುಡುಗರಿಗೆ ಕೃತಜ್ಞರಾಗಿರಬೇಕು. ಸೇತುವೆ ಕಟ್ಟುವ ಎಂಜಿನಿಯರು ಬೇಕು. ಸೇತುವೆಯಲ್ಲಿ ಬಿರುಕುಂಟೆಂದು ತೋರಿಸುವವನೂ ಬೇಕು. ಅಂಥವನನ್ನು ತಯಾರುಮಾಡುವುದು ವಿದ್ಯೆಯಲ್ಲವಾದರೆ ವಿದ್ಯೆ ಮತ್ತಾವುದು?

ಲ್ಯಾಲಿನಾ ಅವರೂ ಎಸ್ಪೆನ್‌ಶೀಡರೂ ಕೂಡಿ ಮುಂದೆ ಮತ್ತೊಂದು ಕೆಲಸವನ್ನು ಕೈಗೊಂಡರು. ಜಾಲದ ಆದಿಕಾಲದಲ್ಲಿ ಜಿಯೋಸಿಟೀಸ್ ಎಂಬ ಸಂಸ್ಥೆಯು ಸಾಮಾನ್ಯ ಜನರಿಗೆ ಬಿಟ್ಟಿಯಾಗಿ ಪುಟದ ಸ್ಥಳವನ್ನು ಕೊಡುತ್ತಿದ್ದಿತು. ಗೃಹಿಣಿಯರು, ಶಾಲೆಯ ಹುಡುಗರು, ಪಿಂಚಣಿ ಪಡೆದ ಮುದುಕರು ಮಿನುಗುವ ನಕ್ಷತ್ರಗಳನ್ನೂ ಬೆಕ್ಕಿನ ಚಿತ್ರಗಳನ್ನೂ ಅಂಟಿಸಿ ತಮ್ಮ ತಮ್ಮ ಪುಟಗಳನ್ನು ಕಟ್ಟಿಕೊಂಡರು. ೨೦೦೯ರ ಅಕ್ಟೋಬರಿನಲ್ಲಿ ಅದರ ಒಡೆಯರಾದ ಯಾಹೂ ಸಂಸ್ಥೆಯವರು ಅದನ್ನು ಮುಚ್ಚಿದರು. ಮುಚ್ಚುವ ಮುನ್ನ ಸ್ವಯಂಸೇವಕರ ತಂಡವೊಂದು ಸಾಧ್ಯವಾದಷ್ಟನ್ನು ನಕಲುಮಾಡಿ ಉಳಿಸಿಕೊಂಡಿತು. ಆ ರಾಶಿಯನ್ನು ಕೆದಕಿ, ಒಂದೊಂದು ಪುಟವನ್ನೂ ಹಿಂದೆ ಕಂಡಂತೆಯೇ ಕಾಣಿಸುವುದಕ್ಕೆ ಇವರಿಬ್ಬರೂ ದುಡಿದರು. ಪಂಡಿತರು ಜಾನಪದ ಗೀತೆಗಳನ್ನು ಕೂಡಿಸುವಂತೆ, ಇವರು ಇದನ್ನು ಗಣಕಯಂತ್ರದ ಜಾನಪದವೆಂದು ಗೌರವಿಸಿ, ೨೦೦೯ರಲ್ಲಿ ಅದರ ಮೇಲೆ ಪುಸ್ತಕವನ್ನೂ ಹೊರತಂದರು.

ಇದನ್ನು ತಿಳಿದಾಗ ನನಗೆ ನಮ್ಮ ಮನೆಯ ಸಂಗತಿಯೊಂದು ನೆನಪಿಗೆ ಬಂದು ಎದೆ ಭಾರವಾಯಿತು. ನನ್ನ ಸೊಸೆ ಹದಿನಾಲ್ಕರ ಹುಡುಗಿಯಾಗಿದ್ದಾಗ ನಮ್ಮ ತಾಯಿಯ ರಂಗವಲ್ಲಿಯ ನೋಟುಬುಕ್ಕನ್ನಿಟ್ಟುಕೊಂಡು ಒಂದು ಪುಟವನ್ನು ಮಾಡಿದ್ದಳು. ಒಂದೊಂದು ರಂಗವಲ್ಲಿಯನ್ನೊತ್ತಿದರೆ ಅದನ್ನು ಹೇಗೆ ಎಳೆಯಬೇಕು, ಯಾವ ಹಬ್ಬಕ್ಕೆ ಯಾವುದು ಎಂದು ಅಜ್ಜಿಯ ಧ್ವನಿಯೇ ಹೇಳುತ್ತಿದ್ದಿತು. ಅಮ್ಮ ತೀರಿಕೊಂಡ ಮೇಲೆ ಅಕ್ಕ ಒಂದೆರಡು ಬಾರಿ ರಾತ್ರಿ ಅದನ್ನು ಕೇಳುತ್ತ ಕುಳಿತಿದ್ದುದನ್ನು ನಾನು ಕಂಡಿದ್ದೆನು. ಸ್ಥಳವನ್ನು ಬಿಟ್ಟಿಯಾಗಿ ಕೊಟ್ಟಿದ್ದ ಸಂಸ್ಥೆಯು ಒಂದು ದಿನ ಬಾಗಿಲು ಮುಚ್ಚಿತು. ಎಚ್ಚರಿಕೆಯ ಪತ್ರ ಬಂದಿತ್ತೋ ಏನೋ, ಯಾರೂ ನೋಡಿರಲಿಲ್ಲ. ಪುಟದೊಡನೆ ಧ್ವನಿಯೂ ಹೋಯಿತು. ನೋಟುಬುಕ್ಕು ಮಾತ್ರ ಉಳಿಯಿತು. ಹುಡುಗಿ ಎರಡು ದಿನ ಊಟಮಾಡಲಿಲ್ಲ. ಈ ವಿದ್ಯೆಯನ್ನೇ ಕಲಿಯಬೇಕೆಂಬ ಹಟ ಆಗಿನಿಂದ ಮೊಳೆತುದೆಂದು ನನಗೆ ಹೊಳೆದುದು ಸ್ಟುಟ್‌ಗಾರ್ಟಿನಲ್ಲಿ.

ರಂಗವಲ್ಲಿಯು ಸಂಜೆಗೆ ಅಳಿಸಿಹೋದರೂ ಯಾರೂ ಅಳುವುದಿಲ್ಲ. ಏಕೆಂದರೆ ಅದನ್ನು ಹಾಕುವ ಕೈ ಮನೆಯಲ್ಲಿರುವುದು, ನಾಳೆ ಬೆಳಿಗ್ಗೆ ಮತ್ತೆ ಹಾಕುವುದು. ಶಾಸನದ ಕಲ್ಲು ಸಾವಿರ ವರ್ಷ ನಿಲ್ಲುವುದು. ಜಾಲದ ಪುಟವಾದರೋ ಶಾಸನವೆಂಬ ಭ್ರಮೆಯನ್ನು ಹುಟ್ಟಿಸಿ ರಂಗವಲ್ಲಿಗಿಂತಲೂ ಬೇಗ ಅಳಿಯುವುದು. ಫ್ಲ್ಯಾಶ್ ಎಂಬ ಉಪಕರಣದಿಂದ ವಿದ್ಯಾರ್ಥಿಗಳು ಎಷ್ಟೋ ಚಲಿಸುವ ಚಿತ್ರಗಳನ್ನು ಮಾಡಿದ್ದರು. ೨೦೨೦ರ ಕೊನೆಗೆ ಅದರ ಒಡೆಯರು ಅದನ್ನು ನಿಲ್ಲಿಸಿಬಿಟ್ಟುದರಿಂದ ಅವು ಸಾಮಾನ್ಯ ಯಂತ್ರಗಳಲ್ಲಿ ತೆರೆಯದಾದುವು. ಆದುದರಿಂದಲೇ ಕಾರ್ಲ್ಸ್‌ರೂಹೆಯ ಕೇಂದ್ರದವರು ಹೊಸದನ್ನು ಮಾಡುವುದರೊಡನೆ ಹಳೆಯದನ್ನು ಕಾಪಾಡುವುದನ್ನೂ ಒಂದು ವಿದ್ಯೆಯಾಗಿ ಬೆಳೆಸಿರುವರು. ೨೦೦೪ರಲ್ಲಿ ಅವರು ಹಳೆಯ ವಿಡಿಯೋ ಯಂತ್ರಗಳಿಗಾಗಿಯೇ ಪ್ರಯೋಗಶಾಲೆಯೊಂದನ್ನು ತೆರೆದರು. ಯಂತ್ರವಿಲ್ಲದಿದ್ದರೆ ಸುರುಳಿಯಲ್ಲಿರುವುದನ್ನು ಓದುವ ಬಗೆ ಯಾವುದು? ಶಾಲೆಯಲ್ಲಿದ್ದಾಗ ಲೋಕದ ಕಣ್ಣಿಗೆ ಮಣ್ಣೆರಚಿದ ಎಸ್ಪೆನ್‌ಶೀಡರು ೨೦೧೪ರಲ್ಲಿ ನ್ಯೂಯಾರ್ಕಿನ ರೈಜೋಮ್ ಎಂಬ ಸಂಸ್ಥೆಗೆ ಹೋಗಿ ಜಾಲಕೃತಿಗಳನ್ನು ಕಾಪಾಡುವ ಹೊಣೆಯನ್ನು ಹೊತ್ತರೆಂಬುದನ್ನು ತಿಳಿದಾಗ, ಅಕ್ಕನ ‘ಅನ್ನ ಹುಟ್ಟೀತೇ’ ಎಂಬ ಪ್ರಶ್ನೆಗೂ ಒಂದು ಉತ್ತರ ದೊರೆತಂತಾಯಿತು.

ಊರಿಗೆ ಬಂದ ಮರುದಿನವೇ ಅಕ್ಕನ ಮನೆಗೆ ಹೋದೆನು. ಕಂಡುದನ್ನೆಲ್ಲ ಹೇಳಿದೆನು. “ಇದು ವಿದ್ಯೆಯೇ ಅಕ್ಕ, ಸುಲಭವಾದುದಲ್ಲ. ಕೈಯಲ್ಲಿ ಚಿತ್ರವೂ ಬರಬೇಕು, ಯಂತ್ರದ ಭಾಷೆಯೂ ಬರಬೇಕು. ಅಂಥ ಶಾಲೆಗೆ ಸೇರಬೇಕಾದರೆ ಬರಿಯ ಅಂಕಗಳು ಸಾಲವು. ತಾನು ಮಾಡಿದ ಕೃತಿಗಳನ್ನು ತೋರಿಸಬೇಕು. ಎಲ್ಲರಿಗೂ ಕೈತುಂಬ ಸಂಬಳ ಬರುವುದೆಂದು ನಾನು ಮಾತು ಕೊಡಲಾರೆ. ಆದರೆ ಬಿಡುವು ಕಳೆಯುವುದಕ್ಕಾಗಿ ಅವಳು ಇದನ್ನು ಕೇಳುತ್ತಿಲ್ಲ” ಎಂದು ಹೇಳಿ, ಧ್ವನಿಯ ಮಾತನ್ನು ಮೆಲ್ಲನೆ ಎತ್ತಿದೆನು.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ, ಟ್ರಂಕಿನಿಂದ ಅಮ್ಮನ ನೋಟುಬುಕ್ಕನ್ನು ತೆಗೆದು ತಂದು ಮಗಳ ಕೈಗಿತ್ತಳು. “ಈ ಸಲ ಮಾಡುವುದಾದರೆ ಒಂದಕ್ಕೆ ಮೂರು ನಕಲು ಇಡು, ಒಂದನ್ನು ಮಾವನ ಮನೆಯಲ್ಲಿರಿಸು. ಧ್ವನಿಗೆ ನಾನೇ ಕೂರುತ್ತೇನೆ. ಅಮ್ಮ ಹೇಳಿದ ಹಾಗೆಯೇ ಹೇಳಲು ನನಗೆ ಬರುತ್ತದೆ” ಎಂದಳು.

ಭಾವನವರು ಅಷ್ಟು ಹೊತ್ತೂ ಪತ್ರಿಕೆಯನ್ನು ಮುಖಕ್ಕೆ ಮರೆಮಾಡಿಕೊಂಡು ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಪತ್ರಿಕೆಯನ್ನು ಕೆಳಗಿಳಿಸದೆಯೇ, “ಆ ಪ್ರಾಂತದವರು ೨೦೧೭ರಿಂದ ಹೊರದೇಶದ ಹುಡುಗರಿಗೆ ಆರು ತಿಂಗಳಿಗೆ ೧೫೦೦ ಯೂರೋ ಶುಲ್ಕ ಹಾಕಿದರೆಂದು ಕೇಳಿದ್ದೇನೆ. ಇಲ್ಲಿಯೇ ನಮ್ಮ ದೇಶದಲ್ಲಿ ಅಂಥ ಶಾಲೆ ಇಲ್ಲವೇನಯ್ಯ?” ಎಂದು ಕೇಳಿದರು.

ನಾನೂ ಅಕ್ಕನೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಭಾವನವರು ಆ ಲೆಕ್ಕವನ್ನು ಯಾವಾಗ ವಿಚಾರಿಸಿದ್ದರೋ ನಮಗಿಬ್ಬರಿಗೂ ತಿಳಿಯದು.